ಕ್ಯಾಂಪಸ್‌ನಲ್ಲಿ ಬಿರುಗಾಳಿ, ಸಿಡಿಲು: ಎಲ್ಲಿ ನಿಲ್ಲಬೇಕು, ಯಾವಾಗ ಓಡಬೇಕು, ಆಮೇಲೆ ಏನು ಮಾಡಬೇಕು

ಮನೆಯಲ್ಲಿದ್ದಾಗ ಬಿರುಗಾಳಿ ಬಂದರೆ ಬಾಗಿಲು ಹಾಕಿಕೊಂಡು ಒಳಗೆ ಕೂತರೆ ಹೆಚ್ಚುಕಮ್ಮಿ ಕೆಲಸ ಮುಗಿಯಿತು. ಕಾಲೇಜಿನಲ್ಲಿ ಹಾಗಲ್ಲ. ಒಂದು ಪೀರಿಯಡ್ ಈ ಬ್ಲಾಕ್‌ನಲ್ಲಿ, ಮುಂದಿನದು ಆ ತುದಿಯ ಲ್ಯಾಬ್‌ನಲ್ಲಿ, ನಡುವೆ ಕ್ಯಾಂಟೀನು, ಸಂಜೆ ಗ್ರೌಂಡು, ರಾತ್ರಿ ಲೈಬ್ರರಿಯಿಂದ ಹಾಸ್ಟೆಲಿಗೆ ನಡಿಗೆ. ದಿನದಲ್ಲಿ ಎಷ್ಟೋ ಹೊತ್ತು ನೀವು ಯಾವ ಕಟ್ಟಡದ ಒಳಗೂ ಇರುವುದಿಲ್ಲ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಕ್ಯಾಂಪಸ್‌ನಲ್ಲಿ ಪ್ರತಿಯೊಬ್ಬರೂ ಇನ್ನೊಬ್ಬರು ಹೇಳಲಿ ಅಂತ ಕಾಯುತ್ತಾರೆ. ಮೇಷ್ಟ್ರು ಪಾಠ ನಿಲ್ಲಿಸಲಿ ಅಂತ ಹುಡುಗರು, ಪ್ರಿನ್ಸಿಪಾಲರು ಹೇಳಲಿ ಅಂತ ಮೇಷ್ಟ್ರು, ಮೇಲಿನಿಂದ ಸುತ್ತೋಲೆ ಬರಲಿ ಅಂತ ಪ್ರಿನ್ಸಿಪಾಲರು. ಅಷ್ಟರಲ್ಲಿ ಮೋಡ ತಲೆ ಮೇಲೆ ಬಂದಿರುತ್ತದೆ. 2010ರ ಅಕ್ಟೋಬರ್‌ನಲ್ಲಿ ಅಮೆರಿಕದ ನೋಟ್ರ್ ಡೇಮ್ ವಿಶ್ವವಿದ್ಯಾಲಯದಲ್ಲಿ ಹೀಗೇ ಆಯಿತು. ಜೋರು ಗಾಳಿಯ ದಿನ ಫುಟ್‌ಬಾಲ್ ಅಭ್ಯಾಸ ನಿಲ್ಲಲಿಲ್ಲ. ಅದನ್ನು ಚಿತ್ರೀಕರಿಸಲು ಎತ್ತರದ ಯಾಂತ್ರಿಕ ಅಟ್ಟಣಿಗೆ ಹತ್ತಿದ್ದ ವಿದ್ಯಾರ್ಥಿಯೊಬ್ಬ, ಗಂಟೆಗೆ 80 ಕಿ.ಮೀ. ದಾಟಿದ ಗಾಳಿಗೆ ಅಟ್ಟಣಿಗೆ ಸಮೇತ ಉರುಳಿ ಬಿದ್ದು ಸತ್ತ. ಸುತ್ತಲೂ ಜನ ಇದ್ದರು. ಇಳಿಯಲು ಹೇಳುವ ಕೆಲಸ ಯಾರದ್ದು ಅನ್ನೋದು ಮಾತ್ರ ಯಾರಿಗೂ ಗೊತ್ತಿದ್ದ ಹಾಗೆ ಕಾಣಲಿಲ್ಲ.

ಹಾಗಾಗಿ ಈ ಬರಹ ಪೂರ್ತಿ ಒಂದೇ ವಿಷಯದ ಸುತ್ತ ಇದೆ: ಎಲ್ಲಿಗೆ ಹೋಗಬೇಕು, ಯಾವಾಗ ಹೋಗಬೇಕು ಅನ್ನೋದನ್ನು ಬಿಸಿಲಿರುವಾಗಲೇ ತೀರ್ಮಾನ ಮಾಡಿಟ್ಟುಕೊಳ್ಳಿ. ಯಾರ ಅಪ್ಪಣೆಗೂ ಕಾಯಬೇಕಾಗಿಲ್ಲ.

ಹಂತ 1: ಟೈಮ್‌ಟೇಬಲ್ ಮುಂದಿಟ್ಟುಕೊಂಡು ಜಾಗ ಗುರುತು ಮಾಡಿ

ಇದಕ್ಕೆ ಒಂದು ಸಂಜೆ ಸಾಕು. ಟೈಮ್‌ಟೇಬಲ್ ತೆಗೆಯಿರಿ. ಪ್ರತಿ ಪೀರಿಯಡ್ ಪಕ್ಕದಲ್ಲಿ, ಆ ಹೊತ್ತಿಗೆ ಗಾಳಿ ಎದ್ದರೆ ನೀವು ಎಲ್ಲಿಗೆ ಹೋಗುತ್ತೀರಿ ಅಂತ ಒಂದು ಜಾಗ ಬರೆಯಿರಿ. ಕ್ಯಾಂಟೀನು, ಗ್ರೌಂಡು, ಬಸ್ಸಿಗೆ ಕಾಯುವ ಜಾಗ, ಹಾಸ್ಟೆಲ್ ರೂಮು ಇವನ್ನೂ ಸೇರಿಸಿ. ಆಮೇಲೆ ಅಲ್ಲಿಗೆ ನಡೆದು ನೋಡಿ. ಬಾಗಿಲು ತೆರೆದಿರುತ್ತದಾ? ಸಂಜೆ ಆರರ ಮೇಲೆ ಬೀಗ ಹಾಕುತ್ತಾರಾ? ಕಾರ್ಡ್ ತೋರಿಸಿದರೆ ಮಾತ್ರ ತೆರೆಯುವ ಬಾಗಿಲಾದರೆ, ಕರೆಂಟ್ ಹೋದಾಗ ಅದು ಏನಾಗುತ್ತದೆ? ಈ ಪ್ರಶ್ನೆಗಳನ್ನು ಸೆಕ್ಯುರಿಟಿಯವರಿಗೆ ಕೇಳಿ. ಉತ್ತರ ಅವರ ಹತ್ತಿರವೇ ಇರುತ್ತದೆ, ಆಫೀಸಿನಲ್ಲಿ ಅಲ್ಲ.

ಒಳ್ಳೆಯ ಜಾಗ ಅಂದರೆ ಯಾವುದು? ಗಟ್ಟಿ ಕಟ್ಟಡ, ಅದರಲ್ಲೂ ಕೆಳಗಿನ ಮಹಡಿ, ಅದರಲ್ಲೂ ಒಳಗಿನ ಸಣ್ಣ ಕೋಣೆ, ಅದಕ್ಕೆ ಕಿಟಕಿ ಇಲ್ಲದಿದ್ದರೆ ಇನ್ನೂ ಒಳ್ಳೆಯದು. ಹೊರಗಿನ ಗಾಳಿಗೂ ನಿಮಗೂ ನಡುವೆ ಎಷ್ಟು ಗೋಡೆಗಳಿವೆ ಅಂತ ಎಣಿಸಿ, ಜಾಸ್ತಿ ಇದ್ದಷ್ಟೂ ವಾಸಿ. ಸಣ್ಣ ಕೋಣೆ ಯಾಕೆ ಅಂದರೆ ಅದರ ಗೋಡೆಗಳು ಹತ್ತಿರ ಹತ್ತಿರ ಇರುತ್ತವೆ, ಮೇಲಿನ ಭಾರಕ್ಕೆ ಆಸರೆ ಜಾಸ್ತಿ. ಸಿಡಿಲಿಗೂ ಇಂಥ ಕಟ್ಟಡವೇ ಬೇಕು. ಗೋಡೆಯೊಳಗಿನ ವೈರು, ನೀರಿನ ಪೈಪು, ಕಬ್ಬಿಣದ ಸರಳು ಇವೆಲ್ಲ ಸಿಡಿಲಿನ ಕರೆಂಟನ್ನು ನೆಲಕ್ಕೆ ಇಳಿಸುತ್ತವೆ. ಆ ಕಾರಣಕ್ಕೇ ಒಳಗಿದ್ದಾಗ ಅವನ್ನು ಮುಟ್ಟಬಾರದು, ಆ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಎಲ್ಲರೂ ತಪ್ಪು ತಿಳಿಯುವ ಜಾಗಗಳು. ಮೊದಲನೆಯದು ಆಡಿಟೋರಿಯಂ. ದೊಡ್ಡದು, ಗಟ್ಟಿಯಾಗಿ ಕಾಣುತ್ತದೆ, ಎಲ್ಲರೂ ಹಿಡಿಸುತ್ತಾರೆ, ಹಾಗಾಗಿ ಗುಂಪು ತಾನಾಗಿ ಅಲ್ಲಿಗೇ ನುಗ್ಗುತ್ತದೆ. ಆದರೆ ಇಷ್ಟಗಲದ ಚಾವಣಿಗೆ ನಡುವೆ ಕಂಬವೇ ಇರುವುದಿಲ್ಲ ನೋಡಿ, ಗಾಳಿ ಒಂದು ಕಡೆಯಿಂದ ಒಳಗೆ ಹೊಕ್ಕರೆ ಕೆಳಗಿನಿಂದ ಎತ್ತುತ್ತದೆ, ಮೇಲಿನಿಂದ ಎಳೆಯುತ್ತದೆ. ಒಳಾಂಗಣ ಕ್ರೀಡಾಂಗಣ, ತಗಡಿನ ಮಾಡಿನ ಕ್ಯಾಂಟೀನು, ವರ್ಕ್‌ಶಾಪ್ ಶೆಡ್ಡು ಎಲ್ಲಕ್ಕೂ ಇದೇ ಮಾತು. ಎರಡನೆಯದು ಗಾಜಿನ ಗೋಡೆಯ ಲೈಬ್ರರಿ, ಗಾಜಿನ ಪ್ರವೇಶದ್ವಾರ. ಮೂರನೆಯದು ಎರಡೂ ತುದಿಯಲ್ಲಿ ಗಾಜಿನ ಬಾಗಿಲಿರುವ ಉದ್ದ ಕಾರಿಡಾರ್. ಬಾಗಿಲು ಒಡೆದರೆ ಇಡೀ ಗಾಳಿ, ಅದರ ಜೊತೆ ಗಾಜಿನ ಚೂರು, ನೇರ ಅದರೊಳಗೇ ಹಾಯುತ್ತದೆ. ಬೈಕ್ ನಿಲ್ಲಿಸುವ ಶೆಡ್ಡು, ಬಸ್ ತಂಗುದಾಣ, ಬಯಲು ರಂಗಮಂದಿರ ಇವುಗಳ ಬಗ್ಗೆ ಹೇಳುವುದೇ ಬೇಡ. ಮಳೆಗೆ ಸರಿ, ಸಿಡಿಲಿಗೂ ಗಾಳಿಗೂ ಅವು ಬಯಲೇ.

ಹಾಗಾದರೆ ಎಲ್ಲಿಗೆ? ಬಹುತೇಕ ಕಾಲೇಜುಗಳಲ್ಲಿ ಉತ್ತರ ಸ್ವಲ್ಪ ನಗು ಬರಿಸುವಂಥದ್ದು: ನೆಲಮಹಡಿಯ ಟಾಯ್ಲೆಟ್ಟು, ಇಲ್ಲವೇ ಕಟ್ಟಡದ ಮಧ್ಯದಲ್ಲಿರುವ ಮೆಟ್ಟಿಲಿನ ಕೆಳಭಾಗ. 2008ರ ಫೆಬ್ರವರಿ 5ರ ಸಂಜೆ ಅಮೆರಿಕದ ಟೆನೆಸಿಯಲ್ಲಿರುವ ಯೂನಿಯನ್ ಯೂನಿವರ್ಸಿಟಿಗೆ ಭಾರೀ ಸುಂಟರಗಾಳಿ ಬಡಿಯಿತು. ಹಾಸ್ಟೆಲ್ ಕಟ್ಟಡಗಳು ಕುಸಿದವು. ವಿದ್ಯಾರ್ಥಿಗಳನ್ನು ಮೊದಲೇ ಕೆಳಮಹಡಿಗೆ ಕರೆತಂದು ಬಾತ್‌ರೂಮುಗಳಲ್ಲಿ, ಒಳಗಿನ ಕೋಣೆಗಳಲ್ಲಿ ಕೂರಿಸಿದ್ದರು. ಕೆಲವರು ಅವಶೇಷದಡಿ ಸಿಕ್ಕಿಕೊಂಡರು, ಹಲವರಿಗೆ ಗಾಯವಾಯಿತು, ಆದರೆ ಒಬ್ಬರೂ ಸಾಯಲಿಲ್ಲ. ಗಾಳಿಗೆ ಟಾಯ್ಲೆಟ್ ಒಳ್ಳೆಯದು, ಆದರೆ ಬರೀ ಸಿಡಿಲಿದ್ದಾಗ ಅಲ್ಲಿ ನಲ್ಲಿ, ಪೈಪು ಮುಟ್ಟದೆ ನಿಂತುಕೊಳ್ಳಿ.

ನೆಲಮಾಳಿಗೆ ಬಗ್ಗೆ ಮಾತ್ರ ಎರಡು ಸಲ ಯೋಚಿಸಿ. ಸುಂಟರಗಾಳಿಗೆ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ. ಧಾರಾಕಾರ ಮಳೆಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. 2024ರ ಜುಲೈನಲ್ಲಿ ದೆಹಲಿಯಲ್ಲಿ ಕೋಚಿಂಗ್ ಕೇಂದ್ರವೊಂದರ ನೆಲಮಾಳಿಗೆಯ ಲೈಬ್ರರಿಗೆ ರಸ್ತೆ ನೀರು ನುಗ್ಗಿ ಮೂವರು ವಿದ್ಯಾರ್ಥಿಗಳು ಸತ್ತರು. ನೀರು ಒಳಗೆ ನುಗ್ಗುವಾಗ ಬಾಗಿಲು ತಳ್ಳಿದರೂ ತೆರೆಯುವುದಿಲ್ಲ, ಮೆಟ್ಟಿಲೇ ಜಲಪಾತ ಆಗುತ್ತದೆ. ನೆಲಮಾಳಿಗೆಯಲ್ಲಿ ರೀಡಿಂಗ್ ರೂಮ್ ಇದ್ದರೆ, ರಸ್ತೆಯಲ್ಲಿ ನೀರು ನಿಲ್ಲಲು ಶುರುವಾದ ಕೂಡಲೇ ಮೇಲೆ ಬನ್ನಿ. ಪಾದ ನೆನೆಯುವ ತನಕ ಕಾಯಬೇಡಿ.

ಗೆಳೆಯರಲ್ಲಿ ಯಾರಾದರೂ ಗಾಲಿಕುರ್ಚಿ ಬಳಸುತ್ತಿದ್ದರೆ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದರೆ, ಈ ಲೆಕ್ಕ ಬೇರೆ. ಬಿರುಗಾಳಿಯಲ್ಲಿ ಲಿಫ್ಟ್ ಹತ್ತುವ ಹಾಗಿಲ್ಲ, ಕರೆಂಟ್ ಹೋದರೆ ಒಳಗೇ ಸಿಕ್ಕಿಹಾಕಿಕೊಳ್ಳುತ್ತೀರಿ. ಹಾಗಾಗಿ ಅವರು ಇರುವ ಪ್ರತಿ ಮಹಡಿಯಲ್ಲೂ ಒಂದು ಒಳಕೋಣೆ ಗುರುತು ಮಾಡಿಡಿ. ಎಚ್ಚರಿಕೆ ಬಂದ ತಕ್ಷಣ, ಕರೆಂಟ್ ಇರುವಾಗಲೇ ಕೆಳಗೆ ಬರುವುದು ಇನ್ನೂ ಒಳ್ಳೆಯದು. ಕಿವಿ ಕೇಳದ ಸಹಪಾಠಿಗೆ ಸೈರನ್ ಕೇಳಿಸುವುದಿಲ್ಲ, ಅವರ ಭುಜ ತಟ್ಟಿ ಹೇಳುವವರು ಯಾರು ಅಂತ ಹೆಸರು ಹಿಡಿದು ಮಾತಾಡಿಕೊಳ್ಳಿ.

ಹಂತ 2: ಎಚ್ಚರಿಕೆ ನಿಮ್ಮ ತನಕ ತಲುಪುವ ಹಾಗೆ ಮಾಡಿ

ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ ತುರ್ತು ಎಚ್ಚರಿಕೆಗಳು ಆನ್ ಇವೆಯಾ ನೋಡಿ. ಆ ಕಿವಿಗಡಚಿಕ್ಕುವ ಸದ್ದಿಗೆ ಬೇಸತ್ತು ಎಷ್ಟೋ ಜನ ಆಫ್ ಮಾಡಿರುತ್ತಾರೆ. ಕಾಲೇಜಿನ ಮೆಸೇಜ್ ವ್ಯವಸ್ಥೆಯಲ್ಲಿ ನಿಮ್ಮ ಈಗಿನ ನಂಬರ್ ಇದೆಯಾ ಅಂತಲೂ ನೋಡಿ. ಅಡ್ಮಿಷನ್ ಹೊತ್ತಿಗೆ ಅಪ್ಪನ ನಂಬರ್ ಕೊಟ್ಟಿದ್ದರೆ ಬಿರುಗಾಳಿಯ ಸುದ್ದಿ ಮೊದಲು ಊರಿಗೆ ಹೋಗುತ್ತದೆ!

ಹವಾಮಾನ ಇಲಾಖೆಗಳು ಎರಡು ಬಗೆಯ ಮಾತು ಹೇಳುತ್ತವೆ. ಒಂದು, ಇವತ್ತು ಹೀಗಾಗಬಹುದು ಅನ್ನುವುದು. ಇನ್ನೊಂದು, ಆಗುತ್ತಿದೆ ಅಥವಾ ಇನ್ನೇನು ಆಗಲಿದೆ ಅನ್ನುವುದು. ಮೊದಲನೆಯದಕ್ಕೆ ಬ್ಯಾಗಲ್ಲಿ ಟಾರ್ಚ್ ಹಾಕಿಕೊಳ್ಳಿ, ಪವರ್ ಬ್ಯಾಂಕ್ ಚಾರ್ಜ್ ಮಾಡಿ, ಸಂಜೆಯ ಕಾರ್ಯಕ್ರಮ ಒಳಗೆ ಮಾಡೋಣವಾ ಅಂತ ಕೇಳಿ. ಎರಡನೆಯದಕ್ಕೆ ಎದ್ದು ನಡೆಯಿರಿ. ಹಳದಿ, ಕಿತ್ತಳೆ, ಕೆಂಪು ಬಣ್ಣ ಬಳಸುವ ಕಡೆ ಕಿತ್ತಳೆ ಅಂದರೆ ಸಿದ್ಧರಾಗಿರಿ, ಕೆಂಪು ಅಂದರೆ ಕ್ರಮ ತೆಗೆದುಕೊಳ್ಳಿ ಅಂತ.

ಕ್ಲಾಸಿನಲ್ಲಿ ಎಲ್ಲರ ಫೋನೂ ಸೈಲೆಂಟ್ ಅಲ್ವಾ? ಎಚ್ಚರಿಕೆ ಇರುವ ದಿನ ಒಬ್ಬರ ಫೋನಾದರೂ ಸದ್ದು ಮಾಡಲಿ ಅಂತ ಮೇಷ್ಟ್ರಿಗೆ ಹೇಳಿ, ಬೇಡ ಅನ್ನುವವರು ಕಡಿಮೆ. ಸೈರನ್ ನಂಬಿಕೊಂಡು ಕೂರಬೇಡಿ, ಅದು ಹೊರಗಿರುವವರಿಗೆ ಕೇಳಲಿ ಅಂತ ಇಟ್ಟಿದ್ದು, ಎಸಿ ಹಾಕಿದ ಮುಚ್ಚಿದ ಕೋಣೆಯೊಳಗೆ ಕೇಳಿಸದೇ ಇರಬಹುದು. ಗ್ರೂಪುಗಳಲ್ಲಿ ಬರುವ ವಿಡಿಯೋಗಳಂತೂ ಯಾವ ವರ್ಷದ್ದೋ, ಯಾವ ಊರಿನದ್ದೋ.

ಹಂತ 3: ಆಕಾಶ ನೋಡಿ, ಸೆಕೆಂಡು ಎಣಿಸಿ

ಗುಡುಗಿನ ಮೋಡ ಬೆಳೆಯುವಾಗ ಹೂಕೋಸಿನ ಹಾಗೆ ಗಂಟುಗಂಟಾಗಿ ಮೇಲೇರುತ್ತದೆ. ಅದರ ತಲೆ ಚಪ್ಪಟೆಯಾಗಿ ಒಂದು ಕಡೆಗೆ ಹರಡಿಕೊಂಡರೆ ಮೋಡ ಬಲಿತಿದೆ ಅಂತ ಅರ್ಥ. ಸೆಖೆಯಲ್ಲಿ ಬೇಯುತ್ತಿದ್ದಾಗ ಇದ್ದಕ್ಕಿದ್ದ ಹಾಗೆ ತಣ್ಣನೆ ಗಾಳಿ ಬೀಸಿದರೆ ನಾವೆಲ್ಲ ಆಹಾ ಅಂತ ಹೊರಗೆ ಬಂದು ನಿಲ್ಲುತ್ತೇವೆ. ಆ ಗಾಳಿ ಬರುವುದು ಮೋಡದ ಒಳಗಿನಿಂದ. ಮಳೆ, ಆಲಿಕಲ್ಲು ತಂಪು ಮಾಡಿದ ಭಾರದ ಗಾಳಿ ಮೇಲಿನಿಂದ ಕೆಳಗೆ ಬಿದ್ದು, ನೆಲಕ್ಕೆ ಬಡಿದು, ಸುತ್ತಲೂ ಹರಡುತ್ತದೆ. ಸುಂಟರಗಾಳಿಯ ತೀವ್ರತೆ ಅಳೆಯುವ ಫುಜಿತಾ ಮಾಪಕವನ್ನು 1971ರಲ್ಲಿ ರೂಪಿಸಿದ ವಿಜ್ಞಾನಿ ಟೆಡ್ ಫುಜಿತಾ ಅವರೇ ಈ ಬೀಳುಗಾಳಿಯನ್ನೂ ಗುರುತಿಸಿದರು. ಕೆಲವೇ ನಿಮಿಷ ಇರುತ್ತದೆ, ಆದರೆ ಮರ ಕೆಡವಲು ಅಷ್ಟು ಸಾಕು. ತಣ್ಣನೆ ಗಾಳಿ ಬಂತು ಅಂದರೆ ಒಳಗೆ ಹೋಗುವ ಹೊತ್ತು ಬಂತು.

ಗಾಳಿಯ ಒಂದು ಲೆಕ್ಕ ನೆನಪಿಡಿ: ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. ಗಂಟೆಗೆ 50 ಕಿ.ಮೀ. ಗಾಳಿಯಲ್ಲಿ ಕೊಡೆ ಹಿಡಿದು ನಗುತ್ತಾ ನಡೆದ ದಾರಿಯಲ್ಲೇ 100 ಕಿ.ಮೀ. ಗಾಳಿಗೆ ಶೆಡ್ಡಿನ ಶೀಟು ಹಾರಾಡುತ್ತಿರುತ್ತದೆ.

ಮಿಂಚು ಕಂಡ ಕೂಡಲೇ ಎಣಿಸಲು ಶುರುಮಾಡಿ, ಗುಡುಗು ಕೇಳಿದಾಗ ನಿಲ್ಲಿಸಿ. ಬಂದ ಸೆಕೆಂಡನ್ನು ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿ.ಮೀ. ದೂರದಲ್ಲಿತ್ತು ಅಂತ ಸಿಗುತ್ತದೆ. 30 ಸೆಕೆಂಡ್ ಅಂದರೆ 10 ಕಿ.ಮೀ. ಅಷ್ಟು ದೂರ ಅಂತ ಸಮಾಧಾನ ಪಡುವ ಹಾಗಿಲ್ಲ, ಮಳೆ ಬೀಳುವ ಜಾಗದಿಂದ 10-15 ಕಿ.ಮೀ. ಆಚೆಗೂ ಸಿಡಿಲು ಹೊಡೆಯುತ್ತದೆ. ಮಿಂಚು ಎಷ್ಟು ಉದ್ದ ಓಡಬಲ್ಲದು ಅನ್ನೋದಕ್ಕೆ ಒಂದು ದಾಖಲೆ ಇದೆ: 2017ರ ಅಕ್ಟೋಬರ್ 22ರಂದು ಅಮೆರಿಕದಲ್ಲಿ ಒಂದೇ ಮಿಂಚು 829 ಕಿ.ಮೀ. ಉದ್ದ ಚಾಚಿತ್ತು ಅಂತ ವಿಶ್ವ ಹವಾಮಾನ ಸಂಸ್ಥೆ ಖಚಿತಪಡಿಸಿದೆ. ನಿಜ ಹೇಳಬೇಕೆಂದರೆ ಎಣಿಕೆಯೂ ಬೇಕಿಲ್ಲ. ಗುಡುಗು ಕಿವಿಗೆ ಬಿತ್ತಾ, ಸಿಡಿಲು ನಿಮ್ಮನ್ನು ಮುಟ್ಟುವಷ್ಟು ಹತ್ತಿರದಲ್ಲಿದೆ. ಒಳಗೆ ಹೋಗಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವ ತನಕ ಹೊರಗೆ ಬರಬೇಡಿ. ಮಧ್ಯೆ ಇನ್ನೊಂದು ಗುಡುಗಿತಾ, ಮತ್ತೆ ಮೊದಲಿನಿಂದ 30.

ಹಂತ 4: ಎಲ್ಲಿದ್ದೀರೋ ಅಲ್ಲಿಂದ

ಗ್ರೌಂಡಿನಲ್ಲಿ. ಅತಿ ಅಪಾಯ ಇಲ್ಲೇ, ಅತಿ ಹೆಚ್ಚು ಹಟವೂ ಇಲ್ಲೇ. ಇನ್ನೆರಡು ಓವರ್ ಇದೆ, ಮುಗಿಸಿಬಿಡೋಣ ಅನ್ನುವ ಮಾತು ಬಂದೇ ಬರುತ್ತದೆ. ಆಟ ಶುರುವಾಗುವ ಮೊದಲೇ ಎರಡೂ ತಂಡದವರು ಒಪ್ಪಿಕೊಳ್ಳಿ: ಗುಡುಗು ಕೇಳಿದರೆ ಆಟ ನಿಲ್ಲಿಸುವವರು ಇಂಥವರು, ಅವರು ಆಡುತ್ತಿರಬಾರದು. ಸೋಲುವ ಕಡೆಯ ಕ್ಯಾಪ್ಟನ್ ನಿಲ್ಲಿಸಿದರೆ ಗೆಲ್ಲುವವರು ಒಪ್ಪುವುದಿಲ್ಲ, ಉಲ್ಟಾ ಆದರೂ ಅಷ್ಟೆ. ಗೋಲ್ ಕಂಬ, ಫ್ಲಡ್‌ಲೈಟ್ ಕಂಬ, ಕಬ್ಬಿಣದ ಗ್ಯಾಲರಿ, ತಂತಿಬೇಲಿ ಎಲ್ಲದರಿಂದ ದೂರ ಸರಿದು ನೇರ ಕಟ್ಟಡಕ್ಕೆ ಹೋಗಿ. ಈಜುಕೊಳದಲ್ಲಿದ್ದರೆ ಮೊದಲು ನೀರಿನಿಂದ ಎದ್ದೇಳಿ.

ಮರದ ಕೆಳಗೆ ನಿಲ್ಲಬಾರದು ಅಂತ ಎಲ್ಲರಿಗೂ ಗೊತ್ತು, ಆದರೂ ನಿಲ್ಲುತ್ತಾರೆ, ಯಾಕೆಂದರೆ ಮೈ ಒದ್ದೆಯಾಗುವುದು ಈಗ, ಸಿಡಿಲು ಹೊಡೆಯುವುದು ಆದರೆ ಆಯಿತು. ಸಿಡಿಲು ಮರಕ್ಕೆ ಬಡಿದಾಗ ಎರಡು ದಾರಿಯಲ್ಲಿ ಜನಕ್ಕೆ ಬರುತ್ತದೆ. ಒಂದು, ಕಾಂಡದಿಂದ ಪಕ್ಕದಲ್ಲಿ ನಿಂತವರ ಮೈಗೆ ನೇರ ಹಾರುತ್ತದೆ. ಇನ್ನೊಂದು, ನೆಲಕ್ಕಿಳಿದು ಸುತ್ತ ಹರಡುತ್ತದೆ, ಆಗ ಒಂದು ಕಾಲಿನಿಂದ ಹತ್ತಿ ಇನ್ನೊಂದು ಕಾಲಿನಿಂದ ಇಳಿಯುತ್ತದೆ. ಮೇಯುವ ದನಗಳು ಒಂದೇ ಸಿಡಿಲಿಗೆ ಹಿಂಡುಹಿಂಡಾಗಿ ಸಾಯುವುದು ಇದರಿಂದಲೇ, ಅವುಗಳ ಮುಂಗಾಲಿಗೂ ಹಿಂಗಾಲಿಗೂ ನಡುವೆ ಅಂತರ ಜಾಸ್ತಿ. ನೆಲದ ಮೇಲೆ ಮಲಗಿದರೆ ನೀವೂ ಅದೇ ಅಂತರ ಕೊಟ್ಟ ಹಾಗಾಯಿತು, ಹಾಗಾಗಿ ಮಲಗಬೇಡಿ. ಕುಕ್ಕರಗಾಲಲ್ಲಿ ಕೂತು ತಲೆ ತಗ್ಗಿಸಿ ಅನ್ನುವ ಹಳೆಯ ಸಲಹೆಯನ್ನೂ ಮೊದಲ ಉಪಾಯ ಅಂದುಕೊಳ್ಳಬೇಡಿ. ಅದರಿಂದ ಸಿಗುವ ರಕ್ಷಣೆ ಬಹಳ ಕಡಿಮೆ, ಅಲ್ಲಿ ಕೂತು ಕಳೆಯುವ ಹೊತ್ತಿನಲ್ಲಿ ಕಟ್ಟಡ ತಲುಪಬಹುದು. ಗುಂಪಿನಲ್ಲಿ ಬಯಲಲ್ಲೇ ಸಿಕ್ಕಿಬಿದ್ದರೆ ಒಬ್ಬರಿಂದೊಬ್ಬರು ಕನಿಷ್ಠ 15 ಮೀಟರ್ ದೂರ ಇದ್ದುಕೊಂಡು ನಡೆಯಿರಿ. ಎಲ್ಲರಿಗೂ ಒಟ್ಟಿಗೆ ಬಡಿಯದಿದ್ದರೆ ಎತ್ತಲು, ಎದೆ ಒತ್ತಲು ಯಾರಾದರೂ ಉಳಿಯುತ್ತಾರೆ.

ದಾರಿಯಲ್ಲಿ. ಹಾಸ್ಟೆಲ್ ಇನ್ನೂ ದೂರ, ಕೆಮಿಸ್ಟ್ರಿ ಬ್ಲಾಕ್ ಇಲ್ಲೇ ಇದೆ ಅಂದರೆ ಕೆಮಿಸ್ಟ್ರಿ ಬ್ಲಾಕಿಗೇ ಹೋಗಿ. ಅಲ್ಲಿ ನಿಮಗೆ ಕೆಲಸ ಇಲ್ಲ ಅನ್ನುವ ಸಂಕೋಚ ಬೇಡ. ಕಾರು ಹತ್ತಿರ ಇದ್ದರೆ ಒಳಗೆ ಕೂತು ಗಾಜು ಏರಿಸಿ. ಕಾರು ಕಾಪಾಡುವುದು ರಬ್ಬರ್ ಟೈರಿನಿಂದ ಅಂತ ಬಹಳ ಜನ ನಂಬಿದ್ದಾರೆ. ಅಲ್ಲ, ಸುತ್ತಲಿನ ಲೋಹದ ಮೈ ಕರೆಂಟನ್ನು ಹೊರಗಿನಿಂದಲೇ ನೆಲಕ್ಕೆ ಇಳಿಸುತ್ತದೆ. ಟೈರೇ ಕಾಪಾಡುವುದಾದರೆ ಬೈಕಿಗೂ ಟೈರಿದೆ! ಆದರೆ ಸುಂಟರಗಾಳಿಗೆ ಕಾರು ಆಟದ ಸಾಮಾನು, ಅದಕ್ಕೆ ಕಟ್ಟಡವೇ ಬೇಕು.

ಆಲಿಕಲ್ಲು ಬೀಳತೊಡಗಿದರೆ ಬ್ಯಾಗ್ ತಲೆ ಮೇಲಿಡಿ, ಹೆಲ್ಮೆಟ್ ಇದ್ದರೆ ಹಾಕಿಕೊಳ್ಳಿ. 5 ಸೆಂ.ಮೀ. ದಾಟಿದ ಕಲ್ಲುಗಳು ಗಂಟೆಗೆ 70 ಕಿ.ಮೀ. ಮೀರಿದ ವೇಗದಲ್ಲಿ ಬೀಳುತ್ತವೆ, ತಲೆ ಒಡೆಯಲು ಧಾರಾಳ ಸಾಕು.

ಕ್ಲಾಸಿನಲ್ಲಿ, ಪರೀಕ್ಷೆಯಲ್ಲಿ. ಬರೀ ಗುಡುಗು ಮಳೆಯಾದರೆ ಕಿಟಕಿ ಪಕ್ಕದವರು ಒಳಗೆ ಸರಿದರೆ ಸಾಕು, ಪಾಠ ನಡೆಯಲಿ. ಗಾಳಿ ಗಾಜು ಅಲುಗಾಡಿಸುತ್ತಿದ್ದರೆ ಎದ್ದು ಕೆಳಗಿನ ಒಳಕೋಣೆಗೆ ಹೋಗಿ. ಕಿಟಕಿ ತೆರೆದಿಟ್ಟರೆ ಒತ್ತಡ ಸಮ ಆಗಿ ಕಟ್ಟಡ ಉಳಿಯುತ್ತದೆ ಅನ್ನುವುದು ಸುಳ್ಳು, ತೆರೆದ ಕಿಟಕಿ ಗಾಳಿಯನ್ನು ಒಳಗೆ ಕರೆಯುತ್ತದೆ ಅಷ್ಟೆ. ಗಾಜಿಗೆ ಟೇಪ್ ಅಂಟಿಸುವುದೂ ದಂಡ. ಪರೀಕ್ಷೆ ನಡೆಯುತ್ತಿದ್ದರೆ ಉತ್ತರಪತ್ರಿಕೆ ಡೆಸ್ಕ್ ಮೇಲೇ ಬಿಟ್ಟು ಏಳಿ. ಎಲ್ಲರ ಪೇಪರ್ ಒಟ್ಟು ಮಾಡಿ, ಎಣಿಸಿ, ದಾರ ಕಟ್ಟಿ ಆಮೇಲೆ ಹೊರಡೋಣ ಅನ್ನುವ ಮೇಲ್ವಿಚಾರಕರಿಗೆ ಗಟ್ಟಿಯಾಗಿ ಬೇಡ ಅನ್ನಿ. ಮರುಪರೀಕ್ಷೆ ಮಾಡಬಹುದು.

ಲ್ಯಾಬಿನಲ್ಲಿ. ಇಲ್ಲಿ ಎದ್ದು ಓಡುವ ಮೊದಲು ಅರ್ಧ ನಿಮಿಷದ ಕೆಲಸವಿದೆ. ಬರ್ನರ್ ಆರಿಸಿ, ಗ್ಯಾಸಿನ ಮುಖ್ಯ ವಾಲ್ವ್ ತಿರುಗಿಸಿ ಬಂದ್ ಮಾಡಿ. ಬಾಟಲಿಗಳ ಮುಚ್ಚಳ ಹಾಕಿ. ಹೊಗೆ ಹೀರುವ ಕಪಾಟಿನ ಗಾಜಿನ ಬಾಗಿಲು ಪೂರ್ತಿ ಕೆಳಗೆ ಎಳೆಯಿರಿ, ಕರೆಂಟ್ ಹೋದ ಕ್ಷಣ ಅದರ ಫ್ಯಾನ್ ನಿಂತು ಒಳಗಿನ ವಿಷಗಾಳಿ ಕೋಣೆಗೆ ಬರುತ್ತದೆ. ಸೋಡಿಯಂನಂಥ, ನೀರು ತಾಗಿದರೆ ಹೊತ್ತಿಕೊಳ್ಳುವ ವಸ್ತು ಹೊರಗಿದ್ದರೆ ಎಣ್ಣೆಯ ಡಬ್ಬಿಗೆ ವಾಪಸ್ ಹಾಕಿ ಭದ್ರ ಮಾಡಿ, ಚಾವಣಿ ಸೋರಿದರೆ ಅದೇ ದೊಡ್ಡ ಗಂಡಾಂತರ. ಆಮೇಲೆ ಬಹಳ ಜನ ಮರೆಯುವ ಒಂದು ಕೆಲಸ: ಹಾಟ್‌ಪ್ಲೇಟ್, ಸೆಂಟ್ರಿಫ್ಯೂಜ್, ವರ್ಕ್‌ಶಾಪಿನಲ್ಲಾದರೆ ಲೇತ್, ಡ್ರಿಲ್ ಇವುಗಳ ಸ್ವಿಚ್ ಆಫ್ ಮಾಡಿ. ಕರೆಂಟ್ ಹೋದಾಗ ನಿಂತ ಯಂತ್ರ ರಾತ್ರಿ ಕರೆಂಟ್ ಬಂದಾಗ ಯಾರೂ ಇಲ್ಲದ ಕೋಣೆಯಲ್ಲಿ ತಾನಾಗಿ ಶುರುವಾದರೆ ಬೆಂಕಿ ನಂದಿಸುವವರು ಯಾರು? ಇಷ್ಟಕ್ಕೂ ಹೊತ್ತಿಲ್ಲ ಅನ್ನಿಸಿದರೆ ಗ್ಯಾಸ್ ಒಂದನ್ನು ಬಂದ್ ಮಾಡಿ ಹೊರಡಿ.

ಹಂತ 5: ಹಾಸ್ಟೆಲಿನ ರಾತ್ರಿ

ಎಚ್ಚರಿಕೆ ಇರುವ ದಿನ ಕತ್ತಲಾಗುವ ಮೊದಲೇ ಬಾಲ್ಕನಿ ಖಾಲಿ ಮಾಡಿ. ಬಕೆಟ್ಟು, ಹೂಕುಂಡ, ಕುರ್ಚಿ ಮೂರನೇ ಮಹಡಿಯಿಂದ ಹಾರಿ ಇನ್ನೊಬ್ಬರ ತಲೆ ಮೇಲೆ ಬೀಳುತ್ತವೆ. ಟೆರೇಸಿಗೆ ಹೋಗಿ ಮಿಂಚಿನ ವಿಡಿಯೋ ಮಾಡುವ ಆಸೆ ಇದ್ದರೆ ಬಿಟ್ಟುಬಿಡಿ. ಅಲ್ಲಿ ಅತಿ ಎತ್ತರದ ವಸ್ತು ನೀವು ಮತ್ತು ನೀರಿನ ಟ್ಯಾಂಕು.

ಗುಡುಗುತ್ತಿರುವಾಗ ಸ್ನಾನ, ಪಾತ್ರೆ ತೊಳೆಯುವುದು, ಬಟ್ಟೆ ಒಗೆಯುವುದು ಬೇಡ. ಸಿಡಿಲಿನ ಕರೆಂಟು ಪೈಪಿನಲ್ಲೂ ನೀರಿನಲ್ಲೂ ಬರುತ್ತದೆ. ಚಾರ್ಜಿಗೆ ಹಾಕಿದ ಫೋನು, ಲ್ಯಾಪ್‌ಟಾಪು ಮುಟ್ಟಬೇಡಿ. ಪ್ಲಗ್ ಕೀಳುವುದಾದರೆ ಮೋಡ ದೂರ ಇರುವಾಗಲೇ ಕೀಳಿ. ಫೋನ್ ಸಿಡಿಲನ್ನು ಎಳೆಯುತ್ತದೆ ಅನ್ನುವುದು ಬರೀ ಮಾತು, ವೈರಿಗೆ ಸೇರಿಸದ ಫೋನು ಬಳಸಬಹುದು. ಕಾಂಕ್ರೀಟ್ ಗೋಡೆಗೆ ಒರಗಿ ಕೂರಬೇಡಿ, ನೆಲದ ಮೇಲೆ ಮಲಗಬೇಡಿ, ಒಳಗಿನ ಕಬ್ಬಿಣದಲ್ಲಿ ಕರೆಂಟು ಹರಿಯಬಹುದು. ಕಟ್ಟಡದ ಮೇಲೆ ಸಿಡಿಲು ನಿರೋಧಕ ಇದೆಯಲ್ಲ ಅನ್ನುತ್ತೀರಾ? ಅದು ಕಟ್ಟಡ ಹೊತ್ತಿಕೊಳ್ಳದ ಹಾಗೆ ನೋಡಿಕೊಳ್ಳುತ್ತದೆ, ನಿಮ್ಮ ಲ್ಯಾಪ್‌ಟಾಪಿನ ಹೊಣೆ ಹೊರುವುದಿಲ್ಲ.

ಮಂಚ ಕಿಟಕಿಯಿಂದ ದೂರ ಎಳೆದುಕೊಳ್ಳಿ, ಪರದೆ ಮುಚ್ಚಿ. ಮಂಚದ ಪಕ್ಕ ಶೂ ಇಟ್ಟು ಮಲಗಿ. ಚಪ್ಪಲಿ ಅಲ್ಲ, ಶೂ. ಕತ್ತಲಲ್ಲಿ ಗಾಜಿನ ಚೂರಿನ ಮೇಲೆ ಬರಿಗಾಲಲ್ಲಿ ಇಳಿದರೆ ಆಮೇಲೆ ಎಲ್ಲಿಗೂ ನಡೆಯಲಾಗುವುದಿಲ್ಲ. ಒಂದು ಸಣ್ಣ ಬ್ಯಾಗಲ್ಲಿ ಟಾರ್ಚು, ಪವರ್ ಬ್ಯಾಂಕು, ನೀರಿನ ಬಾಟಲಿ, ದಿನಾ ತೆಗೆದುಕೊಳ್ಳುವ ಮಾತ್ರೆ ಅಥವಾ ಇನ್‌ಹೇಲರ್, ಕನ್ನಡಕ, ಐಡಿ ಕಾರ್ಡು, ಒಂದು ಸೀಟಿ ಇರಲಿ. ಸೀಟಿ ಯಾಕೆ ಅಂದರೆ ಅವಶೇಷದ ಕೆಳಗಿನಿಂದ ಕೂಗಿ ಕೂಗಿ ಗಂಟಲು ಬೇಗ ಸೋಲುತ್ತದೆ. ಕೆಳಗೆ ಹೋಗುವ ಸೂಚನೆ ಬಂದರೆ ಹೆಲ್ಮೆಟ್ ಹಾಕಿಕೊಂಡು, ದಿಂಬೋ ಹಾಸಿಗೆಯೋ ಎತ್ತಿಕೊಂಡು ಇಳಿಯಿರಿ. ಒಳಕೋಣೆಯಲ್ಲಿ ಮಂಡಿಯೂರಿ ಬಾಗಿ, ಕೈಗಳಿಂದ ತಲೆ, ಕುತ್ತಿಗೆ ಮುಚ್ಚಿಕೊಳ್ಳಿ, ಮೇಲೆ ಹಾಸಿಗೆ ಎಳೆದುಕೊಳ್ಳಿ. ಕಿವಿಗೆ ಇಯರ್‌ಫೋನ್ ಹಾಕಿ ಮಲಗಿರುವ ರೂಮ್‌ಮೇಟ್ ಒಬ್ಬರು ಇದ್ದೇ ಇರುತ್ತಾರೆ, ಅವರನ್ನು ಅಲುಗಾಡಿಸಿ ಎಬ್ಬಿಸಿ.

ಸಮುದ್ರದ ಹತ್ತಿರದ ಕಾಲೇಜಾದರೆ ಒಂದು ಮಾತು. ಚಂಡಮಾರುತದ ನಡುವೆ ಇದ್ದಕ್ಕಿದ್ದ ಹಾಗೆ ಗಾಳಿ ನಿಂತು ಆಕಾಶ ತಿಳಿಯಾದರೆ ಮುಗಿಯಿತು ಅಂತ ಹೊರಗೆ ಬರಬೇಡಿ. ಅದು ಚಂಡಮಾರುತದ ಕಣ್ಣು. ಸ್ವಲ್ಪ ಹೊತ್ತಿನಲ್ಲಿ ಎದುರು ದಿಕ್ಕಿನಿಂದ ಅಷ್ಟೇ ಜೋರಾಗಿ ಮತ್ತೆ ಬೀಸುತ್ತದೆ.

ಹಂತ 6: ಯಾರಿಗಾದರೂ ಸಿಡಿಲು ಬಡಿದರೆ

ಮೊದಲು ತಿಳಿಯಬೇಕಾದ್ದು: ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಮುಟ್ಟಬಹುದು, ಮುಟ್ಟಲೇಬೇಕು. ಸಿಡಿಲು ಬಡಿದವರಲ್ಲಿ ಹತ್ತರಲ್ಲಿ ಒಂಬತ್ತು ಜನ ಬದುಕುತ್ತಾರೆ. ಸಾಯುವವರು ಹೆಚ್ಚಾಗಿ ಹೃದಯ ಮತ್ತು ಉಸಿರು ನಿಂತು ಸಾಯುತ್ತಾರೆ, ಹಾಗಾಗಿ ಮೊದಲ ಕೆಲವು ನಿಮಿಷಗಳಲ್ಲಿ ಪಕ್ಕದಲ್ಲಿದ್ದವರು ಏನು ಮಾಡಿದರು ಅನ್ನುವುದು ದೊಡ್ಡ ಮಾತು.

ಒಬ್ಬರು ತುರ್ತು ನಂಬರಿಗೆ ಫೋನ್ ಮಾಡಿ. ಕಟ್ಟಡದ ಹೆಸರು, ಯಾವ ಗೇಟಿನಿಂದ ಬರಬೇಕು ಅಂತ ಹೇಳಿ, ಗೇಟಿಗೆ ಒಬ್ಬರನ್ನು ಕಳಿಸಿ. ಅಪಾಯ ಇನ್ನೂ ಇದ್ದರೆ ಬಿದ್ದವರನ್ನು ಒಳಗೆ ಎತ್ತಿಕೊಂಡು ಹೋಗಿ. ಎಚ್ಚರವಿಲ್ಲ, ಸರಿಯಾಗಿ ಉಸಿರಾಡುತ್ತಿಲ್ಲ ಅಂದರೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ಮೊಣಕೈ ಬಗ್ಗಿಸದೆ, 5ರಿಂದ 6 ಸೆಂ.ಮೀ. ಆಳಕ್ಕೆ ಒತ್ತಿ. ನಿಮಿಷಕ್ಕೆ 100ರಿಂದ 120 ಸಲ. ಪ್ರತಿ ಒತ್ತಿನ ನಂತರ ಎದೆ ಪೂರ್ತಿ ಮೇಲೆ ಬರಲಿ. ಎರಡು ನಿಮಿಷಕ್ಕೊಮ್ಮೆ ಇನ್ನೊಬ್ಬರು ಮುಂದುವರಿಸಲಿ, ಒತ್ತುವುದು ಬಹಳ ಸುಸ್ತಿನ ಕೆಲಸ. ಕಾಲೇಜಿನಲ್ಲಿ ಹೃದಯಕ್ಕೆ ಶಾಕ್ ಕೊಡುವ ಪೆಟ್ಟಿಗೆ ಇದ್ದರೆ ತರಿಸಿ, ಒದ್ದೆ ಎದೆ ಒರೆಸಿ ಹಚ್ಚಿ, ಮುಂದೇನು ಅಂತ ಅದೇ ಮಾತಾಡಿ ಹೇಳುತ್ತದೆ.

ಒಂದೇ ಸಿಡಿಲಿಗೆ ಹಲವರು ಬಿದ್ದಿದ್ದರೆ, ನರಳುತ್ತಿರುವವರನ್ನು ಬಿಟ್ಟು ಅಲುಗಾಡದೆ ಬಿದ್ದವರ ಹತ್ತಿರ ಮೊದಲು ಹೋಗಿ. ಬೇರೆ ಅಪಘಾತಗಳಲ್ಲಿ ವೈದ್ಯರು ಮಾಡುವುದಕ್ಕೆ ಇದು ಉಲ್ಟಾ. ನರಳುವವರು ಉಸಿರಾಡುತ್ತಿದ್ದಾರೆ ಅಂತ ಅರ್ಥ, ಸತ್ತ ಹಾಗೆ ಕಾಣುವವರಿಗೆ ಮಾತ್ರ ನಿಮ್ಮ ಕೈ ಬೇಕು. ಬದುಕಿ ಎದ್ದು ಕೂತು ಏನೂ ಆಗಿಲ್ಲ ಅಂದವರನ್ನೂ ಆಸ್ಪತ್ರೆಗೆ ಕಳಿಸಿ.

ಹಂತ 7: ಮಳೆ ನಿಂತ ಮೇಲೆ

ಹರಿಯುವ ನೀರು ಎಷ್ಟು ಆಳ ಇದ್ದರೆ ಅಪಾಯ? 15 ಸೆಂ.ಮೀ. ರಭಸದ ನೀರು ದೊಡ್ಡವರನ್ನೂ ಕೆಡವುತ್ತದೆ. 30 ಸೆಂ.ಮೀ. ಸಣ್ಣ ಕಾರನ್ನು ತೇಲಿಸುತ್ತದೆ, 60 ಸೆಂ.ಮೀ. ಬಹುತೇಕ ವಾಹನಗಳನ್ನು ಕೊಚ್ಚಿಕೊಂಡು ಹೋಗುತ್ತದೆ. ಕಂದು ನೀರಿನ ಕೆಳಗೆ ಮುಚ್ಚಳ ಹಾರಿಹೋದ ಮ್ಯಾನ್‌ಹೋಲ್ ಇದೆಯೋ ಇಲ್ಲವೋ ಕಾಣುವುದಿಲ್ಲ. ಗೆಳೆಯರು ದಾಟಿದರು ಅಂತ ನೀವೂ ಇಳಿಯಬೇಡಿ.

ಕಡಿದು ಬಿದ್ದ ವೈರು ಕಂಡರೆ ಕನಿಷ್ಠ 10 ಮೀಟರ್ ದೂರ ಇರಿ. ಕಿಡಿ ಬರುತ್ತಿಲ್ಲ, ಸದ್ದಿಲ್ಲ ಅಂದ ಮಾತ್ರಕ್ಕೆ ಅದು ಸತ್ತಿಲ್ಲ. ಹತ್ತಿರ ಹೋಗಿಬಿಟ್ಟಿದ್ದರೆ ಹೆಜ್ಜೆ ಎತ್ತಿ ಇಡದೆ, ಎರಡೂ ಪಾದ ಜೋಡಿಸಿ ನೆಲಕ್ಕೆ ಉಜ್ಜಿಕೊಂಡು ಸರಿಯಿರಿ. ನೆಲದ ಕರೆಂಟಿನ ವಿಷಯ ಹೇಳಿದೆನಲ್ಲ, ಇಲ್ಲೂ ಅದೇ. ಕಾರಿನ ಮೇಲೆ ವೈರು ಬಿದ್ದಿದ್ದರೆ ಒಳಗೇ ಕೂತು ಸಹಾಯಕ್ಕೆ ಫೋನ್ ಮಾಡಿ. ಅರ್ಧ ಮುರಿದು ನೇತಾಡುವ ಕೊಂಬೆ ಮಾರನೇ ದಿನವೂ ಬೀಳಬಹುದು, ನೆನೆದ ಮಣ್ಣಿನ ಮರ ಗಾಳಿ ಇಲ್ಲದೆಯೂ ಉರುಳುತ್ತದೆ. ಹಾಗಾಗಿ ಮರದ ಸಾಲಿನ ಆ ಚೆಂದದ ದಾರಿ ಸ್ವಲ್ಪ ದಿನ ಬೇಡ.

ಕರೆಂಟ್ ಇಲ್ಲದಾಗ ಮೇಣದಬತ್ತಿಗಿಂತ ಟಾರ್ಚ್ ಮೇಲು, ಎಲ್ಲಾದರೂ ಗ್ಯಾಸ್ ಸೋರಿದ್ದರೆ ಬತ್ತಿಯೇ ಸಾಕು ಹೊತ್ತಿಸಲು. ಜನರೇಟರನ್ನು ವರಾಂಡದಲ್ಲಿ, ಮೆಟ್ಟಿಲ ಕೆಳಗೆ, ಕಿಟಕಿ ಪಕ್ಕ ಓಡಿಸುತ್ತಿದ್ದರೆ ತಕ್ಷಣ ನಿಲ್ಲಿಸಲು ಹೇಳಿ. ಅದರ ಹೊಗೆಯ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ಮಲಗಿದವರು ಮಲಗಿದಲ್ಲೇ ಹೋಗುತ್ತಾರೆ. ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಂತಿ ಬಂದ ಹಾಗಾದರೆ ಅದೇ ಕಾರಣ ಅಂದುಕೊಂಡು ಹೊರಗೆ ಬನ್ನಿ. ಫ್ರಿಜ್ ಬಾಗಿಲು ತೆರೆಯದಿದ್ದರೆ ಒಳಗಿನದು ಸುಮಾರು 4 ಗಂಟೆ ಕೆಡದೆ ಇರುತ್ತದೆ. ಇನ್ಸುಲಿನ್ ಇಟ್ಟಿರುವವರು ಇದನ್ನು ಗಮನದಲ್ಲಿಡಿ, ಯಾರೂ ಸುಮ್ನೆ ಸುಮ್ನೆ ಬಾಗಿಲು ತೆರೆಯಬೇಡಿ ಅಂತ ಒಂದು ಚೀಟಿ ಅಂಟಿಸಿ.

ಮನೆಗೆ ಒಂದು ಸಾಲಿನ ಮೆಸೇಜ್ ಕಳಿಸಿ: ಕ್ಷೇಮವಾಗಿದ್ದೇನೆ, ಇಂಥ ಕಡೆ ಇದ್ದೇನೆ, ಬ್ಯಾಟರಿ ಉಳಿಸಬೇಕು. ನೆಟ್‌ವರ್ಕ್ ತುಂಬಿ ಕಾಲ್ ಹೋಗದಿದ್ದಾಗಲೂ ಎಸ್‌ಎಂಎಸ್ ಹೋಗುತ್ತದೆ. ಆಮೇಲೆ ನಿಮ್ಮ ಮಹಡಿಯವರನ್ನು ರೂಮು ರೂಮು ಹಿಡಿದು ಎಣಿಸಿ. ಯಾರಾದರೂ ಕಾಣದಿದ್ದರೆ ಅವರು ಕೊನೆಗೆ ಎಲ್ಲಿದ್ದರು ಅಂತ ಬರೆದು ವಾರ್ಡನ್ ಕೈಗೆ ಕೊಡಿ, ನೀವೇ ಹುಡುಕಲು ಹೊರಡಬೇಡಿ. ನೀರು ಹೊಕ್ಕ ಲ್ಯಾಪ್‌ಟಾಪನ್ನು ಆನ್ ಆಗುತ್ತದಾ ಅಂತ ಒತ್ತಿ ನೋಡಬೇಡಿ. ಗೋಡೆ ಒದ್ದೆ ಇದ್ದರೆ ಸ್ವಿಚ್‌ಬೋರ್ಡ್ ಕೂಡ ಮುಟ್ಟಬೇಡಿ, ಎಲೆಕ್ಟ್ರಿಷಿಯನ್ ಬಂದು ನೋಡಿದ ಮೇಲೆ ಮೇನ್ ಸ್ವಿಚ್ ಹಾಕಲಿ.